ಎಂಟನೆಯ ಹೆಸರು

ಯಾವ ತಂಡಕ್ಕೆ ಯಾರನ್ನು ತೆಗೆದುಕೊಳ್ಳಬೇಕಿತ್ತು, ಯಾರನ್ನು ಬಿಟ್ಟದ್ದು ತಪ್ಪಾಯಿತು ಎಂಬ ಚರ್ಚೆ ಎಲ್ಲಿ ಶುರುವಾದರೂ ನಾನು ಅಲ್ಲಿಂದ ಎದ್ದುಬಿಡುತ್ತೇನೆ. ಮನೆಯವರು ಇದನ್ನು ವಯಸ್ಸಾದವನ ಮುನಿಸು ಅಂದುಕೊಂಡಿದ್ದಾರೆ. ಮುನಿಸಲ್ಲ, ಹೆದರಿಕೆ. ಒಂದು ಕಾಲಕ್ಕೆ ಆ ಚರ್ಚೆಯನ್ನು ನನ್ನಷ್ಟು ಮಾಡಿದವರು ಮಂಗಳೂರಿನಲ್ಲಿ ಇನ್ನೊಬ್ಬರು ಇದ್ದಿರಲಾರರು. ಅದನ್ನು ಮಾಡಿ ಮಾಡಿಯೇ ಇಬ್ಬರ ಅನ್ನ ನನ್ನ ನಾಲಗೆಯ ಮೇಲೆ ಬಂದು ಕುಳಿತಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಭೂಸುಧಾರಣೆಯಲ್ಲಿ ನಮ್ಮ ಮನೆತನದ ಗದ್ದೆಗಳು ಒಕ್ಕಲಿನವರ ಪಾಲಾದ ಮೇಲೆ ನಾನು ಮಣ್ಣಗುಡ್ಡದಲ್ಲಿ ಬಾಡಿಗೆ ಮನೆ ಹಿಡಿದು, ಪಣಂಬೂರಿನ ಒಂದು ಡ್ರಮ್ಮಿನ ಕಾರ್ಖಾನೆಯಲ್ಲಿ ಗುಮಾಸ್ತನಾದೆ. ಬಂದರು ಬಂದ ಮೇಲೆ ಅದರ ಬೆನ್ನಿಗೆ ಎದ್ದ ಸಣ್ಣಪುಟ್ಟ ಕಾರ್ಖಾನೆಗಳಲ್ಲಿ ಅದೊಂದು. ಎಣ್ಣೆ ತುಂಬುವ ತಗಡಿನ ಡ್ರಮ್ಮುಗಳನ್ನು ಅಲ್ಲಿ ಮಾಡುತ್ತಿದ್ದರು. ಈಗ ಅದು ಮುಚ್ಚಿಹೋಗಿದೆ. ನನ್ನದು ಸಿಬ್ಬಂದಿ ವಿಭಾಗ, ಅಂದರೆ ರಜೆಯ ಅರ್ಜಿ, ನೇಮಕದ ಕಡತ, ಎಚ್ಚರಿಕೆ ಪತ್ರ ಇವುಗಳ ನಡುವೆ ಫ್ಯಾನಿನ ಗಾಳಿಗೆ ಹಾರುವ ಕಾಗದ ಹಿಡಿದುಕೊಂಡು ಕೂರುವ ಕೆಲಸ. ಅದರಲ್ಲಿ ನನಗೆ ಯಾವ ಆಸಕ್ತಿಯೂ ಇರಲಿಲ್ಲ. ಇದ್ದದ್ದು ಫುಟ್‌ಬಾಲಿನಲ್ಲಿ.

ನಾನು ಆಡಿದವನಲ್ಲ. ನೋಡುವವನು, ಅದೂ ಸುಮ್ಮನೆ ನೋಡುವವನಲ್ಲ. ಊರಿನ ನಡುವಿನ ಮೈದಾನದಲ್ಲಿ ಯಾವ ಮ್ಯಾಚಿದ್ದರೂ ಗೋಲು ಕಂಬದ ಹಿಂದೆ ಕೊಡೆ ಊರಿಕೊಂಡು ನಿಂತು, ಯಾರು ಎಲ್ಲಿ ನಿಲ್ಲಬೇಕಿತ್ತು ಎಂದು ಅಕ್ಕಪಕ್ಕದವರಿಗೆ ಪಾಠ ಹೇಳುತ್ತಿದ್ದೆ. ಸೋತ ತಂಡದ ಮೇಲೆ ನನಗೆ ಕರುಣೆ ಬಂದದ್ದಿಲ್ಲ, ಸಿಟ್ಟು ಬರುತ್ತಿತ್ತು. ಬಸ್ಸಿಡೀ ಆ ಸಿಟ್ಟನ್ನು ಹೊತ್ತುಕೊಂಡು ಮನೆಗೆ ಬಂದು ಹೆಂಡತಿಯ ಮುಂದೆ ಇಳಿಸುತ್ತಿದ್ದೆ. ಅವಳು ಪಾಪ, ಅಕ್ಕಿ ಆರಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ಬಂದರಿನ ಸುತ್ತಲಿನ ಕೆಲವು ಕಂಪೆನಿಗಳಿಗೆ ತಂಡಗಳಿದ್ದವು. ನಮಗೂ ಒಂದು ಇರಲಿ ಎಂದು ನಮ್ಮ ಆಡಳಿತದವರಿಗೆ ಅನ್ನಿಸಿತು. ಮೂವರು ಆಟಗಾರರು ಕೆಲಸಗಾರರಲ್ಲೇ ಸಿಕ್ಕಿದರು. ಉಳಿದ ಎಂಟು ಜನರನ್ನು ಹೊರಗಿನಿಂದ ಆರಿಸಿ, ಆಡುವುದಕ್ಕೆಂದೇ ಕೆಲಸ ಕೊಡುವುದು ಎಂದಾಯಿತು. ಕೆಲಸ ತಾತ್ಕಾಲಿಕ, ವರ್ಷ ವರ್ಷ ಹೊಸದಾಗಿ ಆದೇಶ ಕೊಡಬೇಕು. ಆದರೂ ಆಯ್ಕೆಯ ದಿನ ಕಾರ್ಖಾನೆಯ ಹಿಂದಿನ ಮೈದಾನಕ್ಕೆ ಉಳ್ಳಾಲದಿಂದ ಸುರತ್ಕಲ್‌ವರೆಗಿನ ಹುಡುಗರು ಬಂದಿದ್ದರು. ಬೂಟು ಇದ್ದವರು ಬೆರಳೆಣಿಕೆಯಷ್ಟು, ಉಳಿದವರದು ಬರಿಗಾಲು.

ಆರಿಸಬೇಕಾದವರು ನಮ್ಮ ಸಿಬ್ಬಂದಿ ಅಧಿಕಾರಿ. ಮೈಸೂರು ಕಡೆಯವರು, ಮಂಗಳೂರಿಗೆ ಬಂದು ಮೂರು ತಿಂಗಳಾಗಿತ್ತು. ಸಜ್ಜನರು, ಆದರೆ ಫುಟ್‌ಬಾಲಿನಲ್ಲಿ ಎಷ್ಟು ಜನ ಆಡುತ್ತಾರೆ ಎಂಬುದನ್ನೂ ಆವತ್ತು ಬೆಳಿಗ್ಗೆ ನನ್ನಿಂದ ಕೇಳಿ ತಿಳಿದುಕೊಂಡವರು. ಅದಕ್ಕೇ ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದರು. ಅವರ ತೊಡೆಯ ಮೇಲೆ ಒಂದು ಪ್ಯಾಡು. ಅದರಲ್ಲಿ ಎಂಟು ಸಾಲು, ಪ್ರತಿ ಸಾಲಿನ ಮುಂದೆ ಆಟದ ಒಂದು ಜಾಗ. ಮಧ್ಯಾಹ್ನದ ಹೊತ್ತಿಗೆ ಏಳು ಸಾಲು ತುಂಬಿದವು. ಉಳಿದದ್ದು ಕೊನೆಯ ಸಾಲು, ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ರಕ್ಷಣೆಯ ಜಾಗ. ಅಲ್ಲಿಗೆ ಎಡಗಾಲಿನವನೇ ಬೇಕೆಂದು ನಾನೇ ಅವರಿಗೆ ಹೇಳಿಕೊಟ್ಟಿದ್ದೆ.

ಆಗ ಬಾಲನ್ನು ಕಾಲಿಗೆ ಅಂಟಿಸಿಕೊಂಡವನಂತೆ ನಮ್ಮ ಮುಂದೆಯೇ ಇಬ್ಬರನ್ನು ದಾಟಿ ಹೋದ ಒಬ್ಬ ಹುಡುಗ. ತಣ್ಣೀರುಬಾವಿ ಕಡೆಯ ಮೀನುಗಾರರ ಮನೆಯವನು, ಬಲಗಾಲಿನ ಆಟಗಾರ. ನಾನು ಅವನನ್ನೇ ನೋಡುತ್ತಾ ಮೈಮರೆತಿದ್ದೆ. ಅಧಿಕಾರಿಗಳು ಏನೋ ಕೇಳಿದರು. ಹೇಗಿದ್ದಾನೆ ಎಂದು ಕೇಳಿದಂತಾಯಿತು. ಆಟ ನೋಡುವಾಗ ನನಗೆ ಬರುವುದು ಮನೆಮಾತಾದ ತುಳು.

"ಎಡ್ಡೆ ಸಾರ್, ಎಡ್ಡೆ" ಎಂದೆ.

ಅವರು ಏನೋ ಬರೆದುಕೊಂಡರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಮೈದಾನಕ್ಕಿಳಿದ. ಅವನ ಆಟವನ್ನು ನಾನು ಮೊದಲೇ ಬಲ್ಲೆ. ಹಂಚಿನ ಕಾರ್ಖಾನೆಯೊಂದರಲ್ಲಿ ಹಸಿ ಹಂಚು ಹೊರುತ್ತಿದ್ದವನು, ಹುಟ್ಟಾ ಎಡಗಾಲಿನವನು. ಅವನು ಮೂಲೆಯಿಂದ ಒದ್ದರೆ ಬಾಲು ಕುಡುಗೋಲಿನ ಹಾಗೆ ಬಾಗಿ ಬಂದು ಕಂಬದ ಒಳಗೆ ಬೀಳುತ್ತಿತ್ತು. ಇಗೋ ನಮ್ಮ ಲೆಫ್ಟ್ ಬ್ಯಾಕ್ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿಗಳು ಪೆನ್ನಿನ ಮುಚ್ಚಳ ಹಾಕಿದರು.

"ಎಡಗಡೆಗೆ ಆಗ್ಲೇ ಸಿಕ್ಕಾಯ್ತಲ್ರೀ" ಎಂದು ಎದ್ದರು.

ಎಂಟನೆಯ ಹೆಸರು ಮೀನುಗಾರರ ಹುಡುಗನದ್ದು. ಬಲಗಾಲಿನವನನ್ನು ಎಡಕ್ಕೆ ಬರೆದಿದ್ದರು. ನನಗೆ ಮೈ ಉರಿದುಹೋಯಿತು. ಆದರೆ ಮೂರು ತಿಂಗಳ ಹೊಸ ಅಧಿಕಾರಿಗೆ ಎದುರು ಮಾತಾಡುವ ಧೈರ್ಯ ನನಗಿರಲಿಲ್ಲ. ಅಲ್ಲಿ ಆಡದೆ ನುಂಗಿದ ಮಾತನ್ನು ಮುಂದಿನ ನಾಲ್ಕು ವರ್ಷ ಕ್ಯಾಂಟೀನಿನಲ್ಲಿ ಆಡಿದೆ.

ಹೇಗೆ ಆಡಿದೆ ಎಂದರೆ, ನನಗಾಗಿ ಅಲ್ಲಿ ಒಂದು ಬೆಂಚು ಗೊತ್ತುಪಡಿಸಿದ್ದರು. ಮ್ಯಾಚು ಸೋತ ಮರುದಿನ ಗೋಳಿಬಜೆಯ ತಟ್ಟೆ ಇಟ್ಟುಕೊಂಡು, ಗೋಲು ಹೇಗೆ ಬಿತ್ತು ಎಂದು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದೆ. ಗೋಲ್‌ಕೀಪರ್ ಕೈಬಿಟ್ಟದ್ದು ಯಾಕೆ, ಬಾಲು ಅಷ್ಟು ಹತ್ತಿರ ಬಂದದ್ದಕ್ಕೆ. ಬಂದದ್ದು ಯಾಕೆ, ಎಡಗಡೆ ಬಾಗಿಲು ತೆರೆದಿತ್ತು. ತೆರೆದಿದ್ದು ಯಾಕೆ, ನಮ್ಮವನು ಎಡಕ್ಕೆ ಬಂದ ಬಾಲನ್ನು ಬಲಗಾಲಿಗೆ ತಂದುಕೊಳ್ಳಲು ಮೈ ತಿರುಗಿಸುವಷ್ಟರಲ್ಲಿ ಎದುರಿನವನು ಊಟ ಮಾಡಿ ಕೈ ತೊಳೆದಿರುತ್ತಾನೆ. ಎಲ್ಲರೂ ನಗುತ್ತಿದ್ದರು. ಆಮೇಲೆ ನಾನು ಜೇಬಿನಿಂದ ಒಂದು ಚೀಟಿ ತೆಗೆದು, ಇರಬೇಕಾಗಿದ್ದ ತಂಡವನ್ನು ಓದುತ್ತಿದ್ದೆ. ಅದರಲ್ಲಿ ಎಂಟನೆಯ ಹೆಸರು ಹಂಚಿನ ಕಾರ್ಖಾನೆಯವನದ್ದು. ಅವನೊಬ್ಬ ಇದ್ದಿದ್ದರೆ ಆ ಮ್ಯಾಚು ಹೀಗಾಗುತ್ತಿತ್ತು, ಈ ಮ್ಯಾಚು ಹಾಗಾಗುತ್ತಿತ್ತು ಎಂದು ಸೋತ ಆಟಗಳನ್ನೆಲ್ಲ ಕುಳಿತಲ್ಲೇ ಗೆಲ್ಲಿಸುತ್ತಿದ್ದೆ.

"ಮಾರಾಯರೇ, ಇವನನ್ನು ಎಡಕ್ಕೆ ಹಾಕಿದ ಮಹಾನುಭಾವ ಯಾರು? ಅವನ ಕಾಲಿಗೆ ಬೀಳ್ಬೇಕು" ಎಂಬುದು ನನ್ನ ಕೊನೆಯ ಮಾತು. ಅದನ್ನು ಹೇಳುವಾಗ ಪಕ್ಕದ ಮೇಜಿನಲ್ಲಿ ಚಾ ಕುಡಿಯುತ್ತಿದ್ದ ಆ ಹುಡುಗನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದೆ. ಅವನೂ ನಗುತ್ತಿದ್ದ. ನನ್ನ ಮೇಲೆ ಅವನಿಗೆ ಬೇಸರವಿಲ್ಲ, ಆಟಗಾರನ ಮನಸ್ಸು ದೊಡ್ಡದು ಎಂದು ನಾನು ಅಂದುಕೊಂಡಿದ್ದೆ.

ಅದಕ್ಕೆ ನನ್ನ ಹತ್ತಿರ ಸಾಕ್ಷಿಯೂ ಇತ್ತು. ಅವನ ತಾಯಿ ಬುಟ್ಟಿ ಹೊತ್ತು ಮಣ್ಣಗುಡ್ಡದಲ್ಲಿ ಮೀನು ಮಾರುತ್ತಿದ್ದಳು. ಅವನು ಕೆಲಸಕ್ಕೆ ಸೇರಿದ ಕೆಲವು ತಿಂಗಳಿಗೇ ಅವಳು ನಮ್ಮ ಮನೆಯ ಹಿಂಬಾಗಿಲಿಗೆ ಬರತೊಡಗಿದಳು. ಮಾರಲಿಕ್ಕಲ್ಲ. ಒಳ್ಳೆಯ ಕಾಣೆ ಮೀನು, ಇಲ್ಲವೇ ಅಂಜಲಿನ ನಾಲ್ಕು ತುಂಡು ಬಾಳೆಎಲೆಯಲ್ಲಿ ಕಟ್ಟಿ ಇಟ್ಟು ಹೋಗುತ್ತಿದ್ದಳು. ಹೆಂಡತಿ ಬೇಡವೆಂದರೆ, "ಮಗ ಹೇಳಿದ್ದಾನೆ ಅಕ್ಕ, ನಿಮ್ಮ ಮನೆಗೆ ಕೊಡ್ಲೇಬೇಕು" ಎನ್ನುತ್ತಿದ್ದಳಂತೆ. ನಾನು ಮೀನು ತಿನ್ನುತ್ತಾ, ನೋಡು, ಆಟ ತಿಳಿದವರನ್ನು ಕಂಡರೆ ಆಟಗಾರರಿಗೆ ಹೀಗೆ ಪ್ರೀತಿ ಎಂದು ಹೇಳುತ್ತಿದ್ದೆ.

ನಾಲ್ಕನೆಯ ವರ್ಷ ಮಳೆಗಾಲದ ಕೊನೆಗೆ ಆದ ಒಂದು ಪಂದ್ಯಾವಳಿಯಲ್ಲಿ ನಮ್ಮ ತಂಡ ಮೊದಲ ಸುತ್ತಿನಲ್ಲೇ ಐದು ಗೋಲು ತಿಂದು ಬಂತು. ಆ ಹೊತ್ತಿಗೆ ಹಳೆಯ ಅಧಿಕಾರಿಗಳು ಬಡ್ತಿ ಸಿಕ್ಕಿ ಬೆಂಗಳೂರಿನ ಮುಖ್ಯ ಕಚೇರಿಗೆ ಹೋಗಿದ್ದರು. ಅವರ ಜಾಗಕ್ಕೆ ಬಂದ ಮ್ಯಾನೇಜರೂ ಘಟ್ಟದ ಮೇಲಿನವರೇ. ನಗದ ಮನುಷ್ಯ. ಕಾಗದ ಓದುವಾಗ ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತಾ ಹೋಗುತ್ತಿದ್ದರು, ಆ ಬೆರಳು ನಿಂತಿತು ಎಂದರೆ ಎದುರು ನಿಂತವನಿಗೆ ಬೆವರು. ಒಂದು ಶುಕ್ರವಾರ ಬೆಳಿಗ್ಗೆ ಅವರು ನನ್ನನ್ನು ಕರೆಸಿದರು.

"ಆಟಗಾರರ ನೇಮಕದ ಕಡತ ತಗೊಂಡ್ಬನ್ನಿ. ಎಡಗಾಲೇ ಇಲ್ದಿರೋನನ್ನ ಎಡಗಾಲಿನವನು ಅಂತ ತಗೊಂಡಿದಾರಂತಲ್ಲ? ಕ್ಯಾಂಟೀನಲ್ಲೆಲ್ಲ ಅದೇ ಮಾತು."

ನನ್ನ ಮಾತು ಅಷ್ಟು ಎತ್ತರಕ್ಕೆ ಹೋಗಿದೆ ಎಂದು ಒಂದು ಕ್ಷಣ ಹೆಮ್ಮೆಯೇ ಆಯಿತು. ಅಂತೂ ತಪ್ಪು ಸರಿಯಾಗುವ ಕಾಲ ಬಂತು ಎಂದುಕೊಂಡು ಕಪಾಟಿನ ಮುಂದೆ ನಿಂತು ಕಡತ ತೆಗೆದೆ. ಒಯ್ಯುವ ಮೊದಲು ಒಮ್ಮೆ ತಿರುವಿ ನೋಡಿದೆ. ಆವತ್ತಿನ ಪ್ಯಾಡಿನ ಹಾಳೆ ಹಾಗೆಯೇ ಅದರಲ್ಲಿತ್ತು. ಎಂಟನೆಯ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಒಂದು ಸಾಲು: ಎಡಗಡೆಯ ಆಟಗಾರ, ಯಾವ ಕಡೆ ಆಡುತ್ತಾನೆಂದು ಕೇಳಲಾಗಿ, ಸ್ಥಳೀಯ ಆಟಗಾರರನ್ನು ಬಲ್ಲ ನಮ್ಮ ಗುಮಾಸ್ತರು ಎರಡು ಸಲ ಹೇಳಿ ಖಚಿತಪಡಿಸಿದರು.

ನಾನು ಎರಡು ಸಲ ಹೇಳಿದ್ದೆ. ಎಡ್ಡೆ ಸಾರ್, ಎಡ್ಡೆ. ನಮ್ಮ ತುಳುವಿನಲ್ಲಿ ಎಡ್ಡೆ ಅಂದರೆ ಒಳ್ಳೆಯದು, ಚೆನ್ನಾಗಿದೆ. ಹೇಗಿದ್ದಾನೆ ಎಂದು ಅವರು ಕೇಳಿರಲೇ ಇಲ್ಲ. ಯಾವ ಕಡೆ ಎಂದು ಕೇಳಿದ್ದರು. ಮೈಸೂರಿನ ಕಿವಿಗೆ ನನ್ನ ಎಡ್ಡೆ 'ಎಡ' ಎಂದು ಕೇಳಿಸಿತ್ತು. ನಾಲ್ಕು ವರ್ಷ ನಾನು ಹುಡುಕುತ್ತಿದ್ದ ಮಹಾನುಭಾವ ಕಪಾಟಿನ ಮುಂದೆ ಕಡತ ಹಿಡಿದು ನಿಂತಿದ್ದ. ದಾರ ಕಟ್ಟದೆಯೇ ಕಡತವನ್ನು ಎತ್ತಿಕೊಂಡು ಒಳಗೆ ಹೋದೆ.

ಮ್ಯಾನೇಜರ ಬೆರಳು ಅದೇ ಸಾಲಿನ ಕೆಳಗೆ ಬಂದು ನಿಂತಿತು.

"ಈ ಗುಮಾಸ್ತರು ಯಾರು?"

"ನಾನೇ ಸಾರ್."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಬಯ್ಯಲಿಲ್ಲ, ಬಯ್ದಿದ್ದರೆ ಒಳ್ಳೆಯದಿತ್ತು. "ಆವತ್ತು ಬಿಟ್ಟ ಎಡಗಾಲಿನವನ ಅರ್ಜಿ ಇದೆಯಾ?" ಎಂದರು. ಇತ್ತು. ಅದನ್ನು ತೆಗೆದು ಪಕ್ಕಕ್ಕಿಟ್ಟುಕೊಂಡರು. "ಸೋಮವಾರ ಹನ್ನೊಂದಕ್ಕೆ ಅವನಿಗೂ ಬರೋಕೆ ಕಾಗದ ಕಳಿಸಿ. ನೀವು ಹತ್ತೂವರೆಗೆ ಬನ್ನಿ. ಯಾರೋ ಯಾರಿಂದಲೋ ಏನೋ ತಗೊಂಡು ಹೆಸರು ಬರೆಸಿದಾರೆ ಅಂತ ನನಗನ್ನಿಸ್ತಿದೆ. ಹಾಗಿದ್ರೆ ಅವನನ್ನ ತೆಗೆದು ಇವನನ್ನ ಹಾಕೋಣ. ಬರೆಸಿದೋರನ್ನೂ ನೋಡ್ಕೊಳ್ಳೋಣ."

ಕಾಗದವನ್ನು ನಾನೇ ಟೈಪು ಮಾಡಿ ಜವಾನನ ಕೈಯಲ್ಲಿ ಕಳಿಸಿದೆ. ಸಂಜೆ ಬಸ್ಸಿನಲ್ಲಿ ಕೂಳೂರು ಸೇತುವೆ ದಾಟುವಾಗ 'ಯಾರಿಂದಲೋ ಏನೋ ತಗೊಂಡು' ಎಂಬ ಮಾತು ಒಮ್ಮೆಲೇ ನೆನಪಾಯಿತು. ಮೀನು. ನಾಲ್ಕು ವರ್ಷ ವಾರ ತಪ್ಪದೆ ನಮ್ಮ ಹಿಂಬಾಗಿಲಿಗೆ ಬಂದ ಮೀನು. ಅಕ್ಕಪಕ್ಕದ ಮನೆಯವರೆಲ್ಲ ನೋಡಿದ್ದಾರೆ. ಮಗನನ್ನು ಕೆಲಸಕ್ಕೆ ಸೇರಿಸಿದ ಗುಮಾಸ್ತನ ಮನೆಗೆ ತಾಯಿ ಮೀನು ಹೊರುತ್ತಾಳೆ ಎಂದರೆ ಯಾವ ಮ್ಯಾನೇಜರಾದರೂ ಏನೆಂದುಕೊಳ್ಳುತ್ತಾನೆ?

ಶನಿವಾರ ಅವಳು ಬರುವ ದಿನ. ನಾನು ಕಿಟಕಿಯ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಬಾಗಿಲು ತೆರೆಯಬೇಡ ಎಂದು ಹೆಂಡತಿಗೆ ಹೇಳಿದೆ. ಮೀನಿನವಳು ಬಾಗಿಲು ತಟ್ಟಿ, ಕಾದು, ಎಲೆಯ ಕಟ್ಟನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಬೆಕ್ಕು ಬಂದು ಅದನ್ನು ಎಳೆದಾಡಿತು. ಹೆಂಡತಿ ಏನಾಯಿತು ಎಂದು ಕೇಳಿದಳು. ನಾನು ಏನೂ ಇಲ್ಲವೆಂದೆ. ಕೆಲಸ ಹೋದರೆ ಹಿಂದಿರುಗಲು ಗದ್ದೆಯೂ ಇಲ್ಲ, ಬೇರೆ ವಿದ್ಯೆಯೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಲಂಚ ತಿಂದವನು ಎಂದು ಕ್ಯಾಂಟೀನಿನ ಅದೇ ಬೆಂಚಿನಲ್ಲಿ ಯಾರೋ ನನ್ನ ಕತೆ ಹೇಳುತ್ತಿರುವುದು ಕಣ್ಣಿಗೆ ಕಟ್ಟಿತು.

ಭಾನುವಾರ ಬೆಳಿಗ್ಗೆ ತಣ್ಣೀರುಬಾವಿಗೆ ಹೋದೆ. ಆ ಹುಡುಗನಿಗೆ ಹೇಳಿ ಮೀನು ನಿಲ್ಲಿಸಬೇಕು, ಕೇಳಿದರೆ ಮೀನು ಕೊಟ್ಟೇ ಇಲ್ಲ ಎನ್ನಬೇಕು ಎಂದು ಹೇಳಿಕೊಡಬೇಕು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಅವನು ಕಡಲಬದಿಯಲ್ಲಿ ಒಬ್ಬನೇ ಇದ್ದ. ಮಗುಚಿ ಹಾಕಿದ ಒಂದು ದೋಣಿಗೆ ಬಾಲು ಒದೆಯುತ್ತಿದ್ದ. ಒದೆಯುತ್ತಿದ್ದದ್ದು ಎಡಗಾಲಿನಲ್ಲಿ. ಒಂದು ಸಲವೂ ಬಲಗಾಲು ಬಳಸಲಿಲ್ಲ. ನನ್ನನ್ನು ಕಂಡವನೇ ಬಾಲನ್ನು ಹಾಗೇ ಬಿಟ್ಟು ನಿಂತ. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿನ್ನ ಅಮ್ಮನಿಗೆ ಹೇಳು, ಇನ್ನು ನಮ್ಮ ಮನೆಗೆ ಮೀನು ತರುದು ಬೇಡ" ಎಂದೆ.

ಅವನ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ಹೇಳಿ ಆಯ್ತಾ ಅಣ್ಣ?"

"ಎಂತ ಹೇಳಿ ಆದದ್ದು?"

"ನೀವು ಅಂದದ್ದು ಎಡ್ಡೆ ಅಂತ. ಎಡ ಅಂತ ಅಲ್ಲ ಅಂತ."

ಅವನೇ ಹೇಳುತ್ತಾ ಹೋದ. ಆ ದಿನ ಬಾಲು ಗೆರೆ ದಾಟಿತ್ತಂತೆ. ಅದನ್ನು ಕೈಯಿಂದ ಎಸೆಯಲು ಅವನು ನಮ್ಮ ಕುರ್ಚಿಗಳ ಹತ್ತಿರವೇ ಬಂದಿದ್ದನಂತೆ. ಸಾಹೇಬರು ಯಾವ ಕಡೆ ಎಂದು ಕೇಳಿದ್ದು, ನಾನು ಎಡ್ಡೆ ಎಂದದ್ದು, ಅವರು ಎಡ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಬರೆದದ್ದು, ಎಲ್ಲವೂ ಅವನ ಕಿವಿಗೆ ಬಿದ್ದಿತ್ತು.

"ನನ್ನ ಕಾಲು ನನಗೆ ಗೊತ್ತಿಲ್ವಾ ಅಣ್ಣ? ಆದ್ರೆ ಹೇಳಿದ್ರೆ ಕೆಲಸ ಉಂಟಾ? ನೀವು ಸುಮ್ಮನಿದ್ರಿ, ನಾನೂ ಸುಮ್ಮನಿದ್ದೆ. ಆಮೇಲೆ ಕ್ಯಾಂಟೀನಲ್ಲಿ ಶುರು ಮಾಡಿದ್ರಿ. ಇವನನ್ನು ಎಡಕ್ಕೆ ಹಾಕಿದ್ದು ಯಾರು ಅಂತ ಕೇಳಿ ನನ್ನನ್ನೇ ನೋಡ್ತಿದ್ರಿ, ಕಣ್ಣು ಹೊಡೀತಿದ್ರಿ. ಇವರಿಗೆ ಗೊತ್ತುಂಟು, ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ನನಗೆ ಚಾ ಗಂಟಲಲ್ಲಿ ಇಳಿಯುದಿಲ್ಲ. ಅದಕ್ಕೇ ಅಮ್ಮನ ಹತ್ರ ಹೇಳಿದೆ, ಬುಟ್ಟಿಯಲ್ಲಿ ಇದ್ದದ್ರಲ್ಲಿ ಒಳ್ಳೆದು ಯಾವುದುಂಟು, ಅದು ಆ ಮನೆಗೆ ಅಂತ."

ನಾಲ್ಕು ವರ್ಷ ನಾನು ಪ್ರೀತಿ ಎಂದು ತಿಂದದ್ದು ಅವನ ಹೆದರಿಕೆಯನ್ನು. ನನಗೆ ನಾಚಿಕೆಯಾಯಿತು ಎಂದು ಬರೆದರೆ ಕಡಿಮೆಯಾಗುತ್ತದೆ. ಗಣಪತಿಯ ಹಾಗೆ ಕೂತು ತಮಾಷೆ ಮಾಡುತ್ತಿದ್ದ ನನ್ನನ್ನು ಕಂಡು ಒಬ್ಬ ಮನುಷ್ಯ ದಿನವೂ ನಡುಗುತ್ತಿದ್ದ, ಮತ್ತು ನನಗೆ ಅದು ನಗುವಾಗಿ ಕಂಡಿತ್ತು.

ಸೋಮವಾರದ ವಿಷಯ ಅವನಿಗೆ ಹೇಳಿದೆ. ಅವನು ಮರಳಿನ ಮೇಲೆ ಕುಕ್ಕರಿಸಿ ಕುಳಿತ. ಮೂರು ತಿಂಗಳ ಹಿಂದೆ ಅವನಿಗೆ ಮಗಳು ಹುಟ್ಟಿದ್ದಳು. ಆದರೆ ಅವನು ಅದನ್ನು ಹೇಳಲಿಲ್ಲ. ಕಡಲನ್ನು ನೋಡದೆ, ಅದಕ್ಕೆ ಬೆನ್ನು ಕೊಟ್ಟು ಕೂತು ಬೇರೆಯೇ ಮಾತು ಹೇಳಿದ.

"ನಮ್ಮವರ ಹತ್ರ ಇದು ಹೇಳ್ಲಿಕ್ಕಾಗುದಿಲ್ಲ. ನನಗೆ ಕಡಲು ಅಂದ್ರೆ ಹೆದರಿಕೆ. ಅಳಿವೆಯಲ್ಲಿ ದೋಣಿ ಮಗುಚಿ ನಮ್ಮ ದೊಡ್ಡಣ್ಣ ಹೋದದ್ದು ನನ್ನ ಕೈ ಬಿಟ್ಟೇ. ಈ ಕೆಲಸ ಹೋದ್ರೆ ಮಾವನ ದೋಣಿಗೆ ಹತ್ತಬೇಕು. ಹತ್ತುದಿಲ್ಲ ಅಂತ ಹೇಳಿದ್ರೆ ಮನೆಯಲ್ಲಿ ನನಗೆ ಮುಖ ಇಲ್ಲ. ಅದಕ್ಕೇ ಈ ಕಾಲನ್ನು ತಿದ್ದುದು. ನಾಲ್ಕು ವರ್ಷ ಆಯ್ತು, ಅದು ಕೇಳುದಿಲ್ಲ."

ಏನು ಹೇಳುತ್ತೇನೆಂದು ನಾನು ಅವನಿಗೆ ಮಾತು ಕೊಡಲಿಲ್ಲ. ಅವನು ಕೇಳಲೂ ಇಲ್ಲ. ನನ್ನನ್ನು ಬಸ್ಸಿನವರೆಗೆ ಕಳಿಸಲು ಹಿಂದೆ ಹಿಂದೆಯೇ ಬಂದ, ಎರಡು ಮಾರು ದೂರ ಬಿಟ್ಟು. ಬಸ್ಸಿನಲ್ಲಿ ಕುಳಿತು ನಾನು ಸೋಮವಾರದ ಮಾತನ್ನು ಕಟ್ಟತೊಡಗಿದೆ. ಸತ್ಯ ಹೇಳಬಹುದು. ನಾನು ಅಂದದ್ದು ಒಳ್ಳೆಯದು ಎಂದು, ಸಾಹೇಬರಿಗೆ ತಪ್ಪಾಗಿ ಕೇಳಿಸಿತು ಎಂದು. ಆಗ ಇವನು ದೋಣಿ ಹತ್ತುತ್ತಾನೆ, ಎಡಗಾಲಿನವನು ಬರುತ್ತಾನೆ, ನನ್ನ ಚೀಟಿಯಲ್ಲಿದ್ದ ತಂಡ ನಿಜವಾಗುತ್ತದೆ. ಆದರೆ ಮುಖ್ಯ ಕಚೇರಿಯಲ್ಲಿ ಈಗ ದೊಡ್ಡ ಕುರ್ಚಿಯಲ್ಲಿರುವವರ ಕಿವಿಯ ಮೇಲೆ ಒಬ್ಬ ಗುಮಾಸ್ತ ತಪ್ಪು ಹೊರಿಸಿದಂತಾಗುತ್ತದೆ. ಮೀನಿನ ಸುದ್ದಿ ಬೇರೆ ಯಾರಾದರೂ ಎತ್ತಿದರೆ ನನ್ನನ್ನು ಯಾರು ನಂಬುತ್ತಾರೆ?

ಸೋಮವಾರ ಹತ್ತೂವರೆಗೆ ಮ್ಯಾನೇಜರ ಮುಂದೆ ನಿಂತಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

"ಎಡಗಡೆ ಅಂತ ನೀವು ಹೇಳಿದ್ದು ನಿಜವೇನ್ರೀ?"

"ನಿಜ ಸಾರ್."

"ಅವನು ಎಡಗಾಲಿನವನೇ?"

"ಎಡಗಾಲಿನವನೇ ಸಾರ್. ಬಲಗಾಲಲ್ಲೂ ಆಡ್ತಾನೆ."

"ಹಾಗಿದ್ರೆ ನಾಲ್ಕು ವರ್ಷದಿಂದ ಕ್ಯಾಂಟೀನಲ್ಲಿ ಬೇರೆ ಥರ ಹೇಳ್ತಾ ಇದ್ದೋರು ಯಾರು? ನೀವೇ ಅಂತ ಎಲ್ರೂ ಹೇಳ್ತಾರೆ."

ಇದನ್ನು ಕೇಳುತ್ತಾರೆಂದು ನಾನು ಯೋಚಿಸಿಯೇ ಇರಲಿಲ್ಲ. "ಅದು ತಮಾಷೆಗೆ ಸಾರ್" ಎಂದೆ. "ಸೋತ ಮೇಲೆ ಏನಾದ್ರೂ ಹೇಳ್ಬೇಕಲ್ಲ, ಬಾಯಿಚಪಲ."

ಅವರು ಪಕ್ಕದಲ್ಲಿಟ್ಟಿದ್ದ ಅರ್ಜಿಯನ್ನು ಎಳೆದುಕೊಂಡರು. ಹಂಚಿನ ಕಾರ್ಖಾನೆಯವನದ್ದು. ಬೆರಳು ಹೆಸರಿನ ಕೆಳಗೆ ನಿಂತಿತು.

"ಇವನು ಇದ್ದಿದ್ರೆ ಎಲ್ಲ ಕಪ್ಪೂ ನಮ್ದೇ ಅಂತಿದ್ರಂತೆ. ಇವನು ಹೇಗೆ?"

ಅವನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಹೇಳಿದರೂ ಇದುವರೆಗೆ ಹೇಳಿದ ಸುಳ್ಳು ಬಿಚ್ಚಿಕೊಳ್ಳುತ್ತದೆ ಎಂದು ನನಗೆ ಅನ್ನಿಸಿತು. ದೋಣಿಗೆ ಹೆದರುವ ಹುಡುಗನ ಮೇಲಿನ ಮರುಕದಿಂದ ಮುಂದಿನ ಮಾತು ಹೇಳಿದೆ ಎಂದು ಬರೆಯಲು ಇಷ್ಟವಿದೆ. ಹಾಗಲ್ಲ. ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ನಾನೊಬ್ಬನೇ.

"ಅಷ್ಟೇನೂ ಇಲ್ಲ ಸಾರ್" ಎಂದೆ. "ಮೊದಲು ಚೆನ್ನಾಗಿ ಆಡ್ತಿದ್ದ. ಈಗ ಆಗುದಿಲ್ಲ."

ಅರ್ಜಿಯನ್ನು ತಿರಸ್ಕರಿಸಿ ಅವರು ಅದರ ಮೇಲೆ ಮೂರು ಪದ ಬರೆದು ಸಹಿ ಹಾಕಿದರು. ಕಡತವನ್ನು ನನ್ನ ಕಡೆ ತಳ್ಳಿದರು. "ಇನ್ನು ಈ ಆಟದ ವಿಷಯ ಕಾರ್ಖಾನೆಯೊಳಗೆ ನಿಮ್ಮ ಬಾಯಲ್ಲಿ ಬರಕೂಡದು" ಎಂದರು. ನಾನು ಕೈ ಮುಗಿದೆ. ಬದುಕಿದೆ ಎಂಬ ಒಂದು ಹಗುರ ಎದೆಯಲ್ಲಿ ಏಳುತ್ತಿತ್ತು. ಆ ಹಗುರದಲ್ಲೇ ಅರ್ಧಬಾಗಿಲು ತಳ್ಳಿ ಹೊರಗೆ ಬಂದೆ.

ಹೊರಗಿನ ಬೆಂಚಿನಲ್ಲಿ ಅವನು ಕೂತಿದ್ದ. ಹನ್ನೊಂದಕ್ಕೆ ಬರಲು ಕಾಗದ ಟೈಪು ಮಾಡಿದವನು ನಾನೇ, ಆದರೂ ಅವನು ಅಲ್ಲಿರುತ್ತಾನೆ ಎಂಬುದು ಹೆದರಿಕೆಯಲ್ಲಿ ತಲೆಯಿಂದ ಹಾರಿಹೋಗಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೋಳಿನ ಅಂಚಿನಲ್ಲಿ ಎಷ್ಟು ತೊಳೆದರೂ ಹೋಗದ ಹಂಚಿನ ಮಣ್ಣಿನ ಕೆಂಪು. ಕಾಲ ಬಳಿ ಒಂದು ಬಟ್ಟೆಯ ಚೀಲ. ನನ್ನನ್ನು ಕಂಡು ಎದ್ದು ನಿಂತ. ನಾವು ಹಿಂದೆ ಒಮ್ಮೆಯೂ ಮಾತಾಡಿದವರಲ್ಲ.

"ನೀವೇ ಅಲ್ವಾ ಅಣ್ಣ?" ಎಂದ. "ಇಲ್ಲಿ ಕೆಲಸ ಮಾಡುವವ್ರು ಮೈದಾನದಲ್ಲಿ ಸಿಕ್ಕಿದಾಗೆಲ್ಲ ಹೇಳ್ತಾರೆ. ನಿನ್ನ ಹೆಸರು ಹೇಳದೆ ಅವರು ಚಾ ಕುಡಿಯುದಿಲ್ಲ ಅಂತ. ನಾಲ್ಕು ವರ್ಷ ಒಬ್ಬರಾದ್ರೂ ನನ್ನನ್ನು ನೆನಪಿಟ್ಟದ್ದು ಉಂಟಾ ಅಂತ ನನಗೇ ಆಶ್ಚರ್ಯ."

ಹಂಚಿನ ಕಾರ್ಖಾನೆ ಬರುವ ತಿಂಗಳು ಮುಚ್ಚುತ್ತದೆ ಎಂದ. ಚೀಲದಲ್ಲಿರುವ ಬೂಟು ಗೆಳೆಯನದ್ದು, ಒಂದು ಬೆರಳು ಬಿಗಿ, ಆದರೆ ಆಡಿ ತೋರಿಸು ಎಂದರೆ ತೋರಿಸುತ್ತೇನೆ ಎಂದ.

"ಬಸ್ಸಲ್ಲಿ ಬರುವಾಗ ಕೈಕಾಲು ನಡುಗ್ತಾ ಇತ್ತು ಅಣ್ಣ. ಇಲ್ಲಿ ಬಂದು ಕೇಳಿದೆ, ಒಳಗೆ ಯಾರುಂಟು ಅಂತ. ನೀವು ಇದ್ದೀರಿ ಅಂದ್ರು. ಹೆದರಿಕೆ ಹೋಯ್ತು."

ಜವಾನ ಬಾಗಿಲಲ್ಲಿ ನಿಂತು ಅವನ ಹೆಸರು ಕೂಗಿದ. ಅವನು ಅಂಗಿಯನ್ನು ಸರಿಮಾಡಿಕೊಂಡ, ಚೀಲವನ್ನು ಒಳಗೆ ಒಯ್ಯುವುದೋ ಬೇಡವೋ ಎಂದು ಒಮ್ಮೆ ನೋಡಿದ.

"ಒಂದು ನಿಮಿಷ ಹಿಡ್ಕೊಳ್ತೀರಾ?" ಎಂದು ಅದನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದ.